ಮೌನಪ್ಪನ ಮೂಗಿಗೆ ಬಿಟ್ಟ ಎಣ್ಣೆ

ನಾಲ್ಕು ವರ್ಷದ ಮಗುವನ್ನು ಆಪರೇಷನ್ ಥಿಯೇಟರಿನೊಳಗೆ ಒಯ್ಯುವುದಕ್ಕಿಂತ ಎಮ್ಮೆಯನ್ನು ಲಾರಿಗೆ ಹತ್ತಿಸುವುದು ಸುಲಭ. ಎಮ್ಮೆ ಒದ್ದರೂ ಒಂದೇ ಕಡೆಯಿಂದ ಒದೆಯುತ್ತದೆ. ಮಗು ಹಾಗಲ್ಲ. ಕಚ್ಚುತ್ತದೆ, ಪರಚುತ್ತದೆ, ನನ್ನ ಟೋಪಿ ಕಿತ್ತು ಎಸೆಯುತ್ತದೆ, ಕಡೆಗೆ ಉಸಿರು ಕಟ್ಟಿ ನಮ್ಮನ್ನೇ ಹೆದರಿಸುತ್ತದೆ. ನಾನು ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್ಲಿನ ಕೂಲಿ ಮನೆತನದವಳು, ಹೆಸರು ಶೇಖಮ್ಮ. ನರ್ಸಿಂಗ್ ಕಲಿತು ರಾಯಚೂರಿನ ಒಂದು ಆಸ್ಪತ್ರೆಯ ಥಿಯೇಟರಿಗೆ ಸೇರಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಆಗಿನಿಂದ ನಮ್ಮಲ್ಲಿ ಮಕ್ಕಳಿಗೆ ಇದ್ದದ್ದು ಒಂದೇ ಪದ್ಧತಿ. ಒಬ್ಬರು ಕಾಲು ಹಿಡಿಯುವುದು, ಒಬ್ಬರು ತೋಳು ಹಿಡಿಯುವುದು, ಇನ್ನೊಬ್ಬರು ತೊಡೆಗೆ ಮತ್ತಿನ ಸೂಜಿ ಚುಚ್ಚುವುದು. ಆ ಮತ್ತು ಏರುವ ತನಕ ಮಗು ಕೂಗುತ್ತಿತ್ತು. ಅದರ ಕೂಗು ನಿಂತ ಮೇಲೆ ಬಾಗಿಲಾಚೆ ತಾಯಿ ಅಳುವುದು ಕೇಳಿಸುತ್ತಿತ್ತು. ಇದು ಸರಿಯೆಂದು ನನಗೆ ಒಂದು ದಿನವೂ ಅನಿಸಲಿಲ್ಲ, ಆದರೆ ಬೇರೆ ದಾರಿ ನಮಗ್ಯಾರಿಗೂ ಗೊತ್ತಿರಲಿಲ್ಲ.

ಮೌನಪ್ಪ ಬಂದದ್ದು ಎಂಬತ್ತೊಂಬತ್ತರಲ್ಲಿ, ಶಿವರಾತ್ರಿ ಮುಗಿದು ಬಿಸಿಲು ಏರುತ್ತಿದ್ದಾಗ. ಊರು ದೇವದುರ್ಗ. ಮೌನಪ್ಪ ಎಂಬ ಹೆಸರನ್ನು ಅವನಿಗೆ ಯಾವ ಧೈರ್ಯದ ಮೇಲೆ ಇಟ್ಟರೋ ಕಾಣೆ. ಹುಡುಗನ ದನಿ ಹೊರಗಿನ ಚೀಟಿ ಕೊಡುವ ಕಿಟಕಿಯಿಂದ ನನ್ನ ಥಿಯೇಟರಿನ ತನಕ ಕೇಳುತ್ತಿತ್ತು. ಅವನ ತೊಡೆಸಂದಿಯಲ್ಲಿ ನಿಂಬೆಕಾಯಿಯಷ್ಟು ಒಂದು ಉಬ್ಬು. ಡಾಕ್ಟರು ಅದಕ್ಕೆ ಹರ್ನಿಯಾ ಎನ್ನುತ್ತಾರೆ. ಮಲಗಿದಾಗ ಒಳಗೆ ಸರಿಯುತ್ತದೆ, ಅತ್ತಾಗ ಹೊರಗೆ ಬರುತ್ತದೆ. ಹೊರಗೆ ಬಂದ ಕರುಳು ಒಂದು ದಿನ ಅಲ್ಲೇ ಸಿಕ್ಕಿಕೊಂಡರೆ ಜೀವಕ್ಕೇ ಕುತ್ತು. ಆಪರೇಷನ್ ಸಣ್ಣದು, ಆದರೆ ಮಾಡಲೇಬೇಕು. ಮಗುವನ್ನು ಅಳಿಸದೆ ಮಾಡಬೇಕು ಅನ್ನುವುದೇ ಅದರ ಕಷ್ಟ.

ಅವನ ಅವ್ವ ಎರಡನೇ ಹೆರಿಗೆಗೆ ಮಾನ್ವಿಯ ತವರುಮನೆಗೆ ಹೋಗಿದ್ದಳು. ಅಪ್ಪ ಸುಂಕಪ್ಪ ದೇವದುರ್ಗದ ತಾಲ್ಲೂಕು ಕಚೇರಿಯಲ್ಲಿ ಜವಾನ. ಆರಡಿ ಆಳು, ಆದರೆ ಫಿನಾಯಿಲ್ ವಾಸನೆ ಮೂಗಿಗೆ ಬಡಿದರೆ ಸಾಕು, ಗೋಡೆ ಹಿಡಿದು ನಿಲ್ಲುತ್ತಿದ್ದ. ಹೀಗಾಗಿ ಮೊಮ್ಮಗನನ್ನು ಸೊಂಟದ ಮೇಲೆ ಹೊತ್ತು ತಂದವಳು ಅಜ್ಜಿ ಬಸ್ಸಮ್ಮ. ನಮ್ಮ ಕಡೆ ಹೆತ್ತವಳು ಅವ್ವ, ಅಜ್ಜಿ ಅಮ್ಮ. ಅವನು ಅಮ್ಮಾ ಅಮ್ಮಾ ಎನ್ನುತ್ತ ಅವಳ ಕುಪ್ಪಸದ ತೋಳನ್ನು ಬಿಟ್ಟಿರಲೇ ಇಲ್ಲ.

ಥಿಯೇಟರಿನ ಬಾಗಿಲಲ್ಲಿ ಬಸ್ಸಮ್ಮ ಎಲ್ಲ ಅಜ್ಜಿಯರೂ ಮಾಡುವುದನ್ನೇ ಮಾಡಿದಳು.

"ಒಳಗ ಡಾಕ್ಟರು ಬಿಸ್ಕೀಟು ಕೊಡ್ತಾರಪ್ಪ. ಹೋಗಿ ಇಸ್ಕೊಂಡು ಬಾ" ಎಂದು ಅವನನ್ನು ನನ್ನ ಕೈಗೆ ದಾಟಿಸಿದಳು.

ಹುಡುಗ ನಗುನಗುತ್ತ ಬಂದ. ಬಿಸ್ಕೀಟು ಎಲ್ಲಿ ಎಂದು ನನ್ನ ಕೈ ನೋಡಿದ, ಟೇಬಲ್ಲು ನೋಡಿದ, ಟ್ರೇ ನೋಡಿದ. ಟ್ರೇಯಲ್ಲಿ ಇದ್ದದ್ದು ಸೂಜಿ. ಅವನು ಕೂಗಿದ ಕೂಗಿಗೆ ಸ್ಟೇಷನ್ನಿನ ಕಡೆ ಹೋಗುತ್ತಿದ್ದ ಟಾಂಗಾದ ಕುದುರೆ ನಿಂತಿತು ಎಂದು ನಮ್ಮ ಗೇಟಿನವನು ಇವತ್ತಿಗೂ ಹೇಳುತ್ತಾನೆ. ಕುದುರೆಯ ಮಾತು ಇರಲಿ. ತೊಡೆಸಂದಿಯ ಉಬ್ಬು ಹೊರಗೆ ನುಗ್ಗಿ ಕಲ್ಲಿನಂತಾಯಿತು. ಅರಿವಳಿಕೆ ಕೊಡುವ ಡಾಕ್ಟರು ಮಹಾಂತಯ್ಯನವರು "ಬಿಡ್ರಿ, ಬಿಡ್ರಿ, ಹುಡುಗನ್ನ ಬಿಡ್ರಿ" ಎಂದು ಸೂಜಿ ಕೆಳಗಿಟ್ಟರು. ಕಾಲು ಎತ್ತಿ ಮಲಗಿಸಿ, ನೆತ್ತಿ ತಟ್ಟಿ, ಅದು ಒಳಗೆ ಹೋಗುವ ತನಕ ಅವರ ಹಣೆಯ ವಿಭೂತಿ ಬೆವರಲ್ಲಿ ಕರಗಿ ಇಳಿಯಿತು. ಅತ್ತು ಅತ್ತು ಹುಡುಗನ ಎದೆ ಗೊರಗೊರ ಎನ್ನುತ್ತಿತ್ತು. ಸರ್ಜನ್ ಅಲ್ಲಾಉದ್ದೀನ್ ಸಾಹೇಬರು ಕೈಗವಸು ಕಳಚಿ, ಯುಗಾದಿ ಆದಮೇಲೆ ಕರೆದುಕೊಂಡು ಬರಲು ಹೇಳಿದರು.

ವರಾಂಡದಲ್ಲಿ ಬಸ್ಸಮ್ಮ ಎರಡೂ ಕೈ ಚಾಚಿದಳು. ಮೌನಪ್ಪ ಅವಳ ಕಡೆ ನೋಡಿದ. ಆಮೇಲೆ ಮುಖ ತಿರುಗಿಸಿ ಅಪ್ಪನ ಕಾಲು ತಬ್ಬಿಕೊಂಡ.

"ನೀ ಸುಳ್ಳ ಹೇಳಿದಿ" ಎಂದ.

ಮಗು ಇಷ್ಟೇ ಹೇಳಿತು. ಬಸ್ಸಮ್ಮ ಸೆರಗಿನ ಗಂಟಿನಿಂದ ಬಿಸ್ಕೀಟಿನ ಪೊಟ್ಟಣ ತೆಗೆದು ಹಿಡಿದಳು. ಅವಳು ಅದನ್ನು ನಿಜವಾಗಿಯೂ ತಂದಿದ್ದಳು, ಪಾಪ. ಅವನು ಮುಟ್ಟಲಿಲ್ಲ. ಆ ಪೊಟ್ಟಣ ಹಿಡಿದುಕೊಂಡು ಅವಳು ಬಸ್ ಸ್ಟ್ಯಾಂಡಿನ ಕಡೆ ಹೋದದ್ದನ್ನು ನಾನು ಕಿಟಕಿಯಿಂದ ನೋಡಿದೆ.

ಅವನ ಕೂಗು ನಮ್ಮ ಮಹಾಂತಯ್ಯನವರ ಕಿವಿಯಿಂದ ಇಳಿಯಲಿಲ್ಲ. ಸಣಕಲು ಮನುಷ್ಯ, ಮೆತ್ತಗಿನ ಮಾತು. ಸಂಬಳ ಬಂದರೆ ಬೇರೆಯವರು ಬಟ್ಟೆ ಕೊಂಡರೆ ಇವರು ಹೈದರಾಬಾದಿನಿಂದ ವೈದ್ಯಕೀಯ ಪತ್ರಿಕೆಗಳ ಕಟ್ಟು ತರಿಸುತ್ತಿದ್ದರು. ಮನೆಯಾಕೆ ಚನ್ನಮಲ್ಲಮ್ಮ ಆ ಕಟ್ಟುಗಳನ್ನು ಎಲ್ಲಿಡಲಿ ಎಂದು ನನ್ನ ಹತ್ತಿರ ಗೋಳು ಹೇಳಿಕೊಂಡಿದ್ದುಂಟು. ಅಂಥದೊಂದು ಪತ್ರಿಕೆಯಲ್ಲಿ ಅವರಿಗೆ ದಾರಿ ಸಿಕ್ಕಿತು. ಸೂಜಿಯಲ್ಲಿ ಕೊಡುವ ಔಷಧವನ್ನೇ ಸೂಜಿಯಿಲ್ಲದೆ ಮೂಗಿಗೆ ಹನಿ ಹನಿಯಾಗಿ ಬಿಡುವುದು. ಮೂಗಿನ ಒಳಗಿನ ತೆಳು ಪೊರೆ ಅದನ್ನು ಹೀರಿ ನೇರ ರಕ್ತಕ್ಕೆ ಸೇರಿಸುತ್ತದಂತೆ. ಮಗು ತಾಯಿಯ ಮಡಿಲಲ್ಲಿ ಇದ್ದ ಹಾಗೆಯೇ ತೂಕಡಿಸುತ್ತದೆ, ಹಾಗೆಯೇ ಎತ್ತಿ ಒಳಗೆ ಒಯ್ಯಬಹುದು.

ಅಲ್ಲಾಉದ್ದೀನ್ ಸಾಹೇಬರು ನಕ್ಕುಬಿಟ್ಟರು. "ಏನ್ರಿ ಮಹಾಂತಯ್ಯನವರ, ಹುಡುಗರಿಗೆ ನಶ್ಯ ಏರಿಸಾಕ ಹೊಂಟೀರೇನು?"

"ನೋಡೋಣಲ್ರಿ ಸಾಹೇಬ್ರ. ಆದ್ರ ಆತು."

ಆಯಿತು. ಯುಗಾದಿಯ ಒಳಗೆ ನಾಲ್ಕೈದು ಮಕ್ಕಳಿಗೆ ಹನಿ ಹಾಕಿದೆವು. ಒಂದು ಸ್ವಲ್ಪ ಕೊಸರಾಡಿತು, ಮಿಕ್ಕವು ಅವ್ವಂದಿರ ಹೆಗಲ ಮೇಲೆ ಅರೆಗಣ್ಣು ಮಾಡಿ ಜೋಲಿದವು. ಯರಗೇರಾದ ಒಂದು ಹೆಣ್ಣುಮಗುವನ್ನು ನಾನು ಎತ್ತಿಕೊಂಡಾಗ ಅದು ನನ್ನ ಕೆನ್ನೆ ಸವರಿ ನಕ್ಕಿತು. ಥಿಯೇಟರಿನ ಬಾಗಿಲಲ್ಲಿ ನಗುವ ಮಗುವನ್ನು ನಾನು ಅದೇ ಮೊದಲು ಕಂಡದ್ದು. ಆ ದಿನ ಮನೆಗೆ ಹೋಗಿ ಸಿಹಿ ಮಾಡಿ ತಿಂದೆ, ಯಾಕೆಂದು ಮನೆಯವರಿಗೆ ಹೇಳಲಿಲ್ಲ.

ಯುಗಾದಿ ಮುಗಿದ ವಾರದಲ್ಲಿ ದೇವದುರ್ಗದವರು ಮತ್ತೆ ಬಂದರು. ಮೌನಪ್ಪ ಅಪ್ಪನ ಹೆಗಲ ಮೇಲಿದ್ದ. ಬಸ್ಸಮ್ಮ ಹತ್ತು ಹೆಜ್ಜೆ ಹಿಂದೆ, ಯಾರದೋ ಮನೆಯ ನೆಂಟಳ ಹಾಗೆ. ನನ್ನನ್ನು ಕಂಡವಳೇ ಕೈ ಹಿಡಿದು ಕಂಬದ ಮರೆಗೆ ಎಳೆದಳು.

"ನರ್ಸವ್ವ, ಅಂದಿನಿಂದ ಕೂಸು ನನ್ನ ಕಡೆ ಬರವಲ್ದು. ನನ್ನ ಕೈಲೆ ಉಣ್ಣವಲ್ದು, ನೀರು ಹಾಕಿಸ್ಕೊಳ್ಳವಲ್ದು. ಮಲಗೋದೂ ಅವರಪ್ಪನ ಬಗಲಾಗ. ಹುಟ್ಟಿದಾಗಿಂದ ನನ್ನ ಕಾಲ ಮ್ಯಾಲೆ ಎರಕೊಂಡ ಕೂಸು ಅದು."

"ಸಣ್ಣ ಹುಡುಗ ಯವ್ವಾ, ಮರೀತಾನ."

"ಮರಿಯಂಗಿಲ್ಲ. ಅವರವ್ವ ಎರಡು ದಿನಕ್ಕ ಬರ್ತೀನಿ ಅಂತ ಹೇಳಿ ಮಾನ್ವಿಗೆ ಹೋದ್ಲು. ತಿಂಗಳಾನುಗಟ್ಲೆ ಬರಲಿಲ್ಲ. ಆಮ್ಯಾಲೆ ನಾ ಬಿಸ್ಕೀಟು ಅಂದೆ. ಇನ್ನ ಯಾರನ್ನ ನಂಬಬೇಕವ್ವ ಅದು?" ಅವಳು ನನ್ನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದಳು. "ನೀವು ದೊಡ್ಡ ಡಾಕ್ಟರು ಇದ್ದೀರಿ, ಗಂಟು ಹೆಂಗರ ತಗೀತೀರಿ. ಆದ್ರ ನನ್ನ ಕೂಸು ನನಗ ಹೊಳ್ಳಿ ಬರಬೇಕು. ಈ ಸಲ ನಾ ಅದಕ್ಕ ಒಂದು ಸುಳ್ಳೂ ಹೇಳಂಗಿಲ್ಲ, ನೀವು ಹೇಳು ಅಂದ್ರೂ ಹೇಳಂಗಿಲ್ಲ."

ಥಿಯೇಟರಿನ ಮುಂದೆ ನಿಂತು ಹೀಗೆ ಶಪಥ ಮಾಡುವವರನ್ನು ಕಂಡರೆ ನನಗೆ ತಲೆಬಿಸಿ. ಆದರೂ ಅವಳ ಮುಖ ನೋಡಿ ಗದರಲು ಬಾಯಿ ಬರಲಿಲ್ಲ. ಈ ಸಲ ಸೂಜಿ ಇಲ್ಲ, ಮೂಗಿಗೆ ಹನಿ ಹಾಕುತ್ತಾರೆ ಎಂದು ಸಮಾಧಾನ ಹೇಳಿದೆ. ಬಸ್ಸಮ್ಮ ತಲೆಯಾಡಿಸಿದಳು. ಏನೋ ಹೇಳಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು.

ಮಹಾಂತಯ್ಯನವರು ಸುಂಕಪ್ಪನನ್ನು ಕೇಳಿದರು, "ಹೊಟ್ಟಿಗೆ ಏನರ ಕೊಟ್ಟೀರೇನು?" ಇಲ್ಲವೆಂದ. "ನೀರು?" ಅದೂ ಇಲ್ಲ. ಕಫ ಇದೆಯೇ ಎಂದು ಎದೆಗೆ ಕೊಳವೆ ಇಟ್ಟು ನೋಡಿದರು, ಎದೆ ಶುದ್ಧವಾಗಿತ್ತು. ಹುಡುಗ ಅಪ್ಪನ ತೊಡೆಯ ಮೇಲೆ ಕೂತಿದ್ದಾಗಲೇ ಎರಡೂ ಹೊಳ್ಳೆಗೆ ಹನಿ ಬಿಟ್ಟರು. ಅವನು ಸೀನಿದ, ಮುಖ ಕಿವುಚಿದ, "ಉರೀತದ" ಎಂದು ಅಪ್ಪನ ಅಂಗಿಗೆ ಮೂಗು ತಿಕ್ಕಿದ. ಅಳಲಿಲ್ಲ. ನಾವು ಕಾದೆವು.

ಬೇರೆ ಮಕ್ಕಳಾದರೆ ಇಷ್ಟು ಹೊತ್ತಿಗೆ ತೂಗಾಡುತ್ತಿದ್ದವು. ಮೌನಪ್ಪ ಗೋಡೆಯ ಮೇಲಿನ ಹಲ್ಲಿಯನ್ನು ನನಗೆ ತೋರಿಸಿದ. ಅದರ ಬಾಲ ಯಾಕೆ ಮೋಟು ಎಂದು ಕೇಳಿದ. ರಸ್ತೆಯಾಚೆಯ ಹೋಟೆಲಿನಿಂದ ಮಂಡಕ್ಕಿ ಒಗ್ಗರಣೆಯ ವಾಸನೆ ಬಂದಾಗ ಮೂಗರಳಿಸಿ, "ಅಪ್ಪಾ, ವಗ್ಗರಣಿ ಕೊಡಸು, ಮಿರ್ಚಿನೂ" ಎಂದ. ನಿದ್ದೆ ಬರಬೇಕಾದ ಹುಡುಗನಿಗೆ ಹಸಿವು ಬಂದಿತ್ತು. ಒಳಗಿನಿಂದ ಅಲ್ಲಾಉದ್ದೀನ್ ಸಾಹೇಬರು ಎರಡು ಸಲ ಇಣುಕಿ ಹೋದರು. ಬಸ್ಸಮ್ಮ ದೂರದ ಕಂಬಕ್ಕೆ ಒರಗಿ ನಿಂತಿದ್ದಳು. ಹತ್ತಿರ ಬಂದರೆ ಅವನು ಮುಖ ತಿರುಗಿಸುತ್ತಾನೆಂಬ ಅಂಜಿಕೆ ಅವಳಿಗೆ.

ಮಹಾಂತಯ್ಯನವರು ಹತ್ತಿಯ ಬತ್ತಿ ಮಾಡಿ ಹುಡುಗನ ಹೊಳ್ಳೆಯೊಳಗೆ ಆಡಿಸಿ ತೆಗೆದರು. ಬೆಳಕಿಗೆ ಹಿಡಿದು ನೋಡಿದರು, ಮೂಸಿದರು. ನನ್ನ ಕೈಗೆ ಕೊಟ್ಟರು. ನಾನೂ ಮೂಸಿದೆ. ನಮ್ಮ ಕಡೆಯ ಮನೆಯಲ್ಲಿ ಹುಟ್ಟಿದ ಯಾರಿಗೂ ಆ ವಾಸನೆ ತಪ್ಪುವುದಿಲ್ಲ. ಹರಳೆಣ್ಣೆ, ನಮ್ಮ ಕಡೆಯ ಔಡಲೆಣ್ಣೆ. ಮೂಗಿನ ಒಳಗೋಡೆಗೆ ಮಂದವಾಗಿ ಬಳಿದುಕೊಂಡಿತ್ತು. ಅದರ ಮೇಲೆ ಬಿದ್ದ ಔಷಧ ನಾಟದೆ ಜಾರಿ ಅಪ್ಪನ ಅಂಗಿಗೆ ಹೋಗಿತ್ತು.

"ಔಡಲೆಣ್ಣಿ ಯಾರು ಬಿಟ್ಟಾರ ಮೂಗಿನಾಗ?" ಡಾಕ್ಟರು ಕೇಳಿದರು.

ಸುಂಕಪ್ಪ ಬೆಪ್ಪಾದ. "ಇಲ್ರಿ ಸಾಹೇಬ್ರ. ಇವ ಎಣ್ಣಿ ಮುಟ್ಟಿಸ್ಕೊಂಡು ತಿಂಗಳ ಮ್ಯಾಲಾತು. ಅವರಮ್ಮನ ಹತ್ರಾನೇ ಹೋಗಂಗಿಲ್ಲ, ಇನ್ನ ಎಣ್ಣಿ ಯಾರು ಹಾಕ್ಬೇಕ್ರಿ?"

ಕಂಬದ ಹತ್ತಿರದಿಂದ ಬಸ್ಸಮ್ಮ ಒಂದೊಂದೇ ಹೆಜ್ಜೆ ಇಟ್ಟು ಬಂದಳು.

"ನಾ ಬಿಟ್ಟೀನ್ರಿ ಯಪ್ಪಾ."

ಅವಳು ಹೇಳಿದ್ದು ಇಷ್ಟು. ನಮ್ಮ ಬಿಸಿಲುಸೀಮೆಯಲ್ಲಿ ಮಕ್ಕಳ ನೆತ್ತಿಗೆ, ಕಿವಿಗೆ, ಹೊಕ್ಕುಳಿಗೆ, ಮೂಗಿಗೆ ಎಣ್ಣೆ ಬಿಡದಿದ್ದರೆ ಉಷ್ಣ ಏರಿ ಕಣ್ಣು ಕೆಂಪಾಗುತ್ತವೆ. ಹುಟ್ಟಿದ ದಿನದಿಂದ ಅವಳು ಅದನ್ನು ತಪ್ಪಿಸಿದವಳಲ್ಲ. ಹುಡುಗ ಮುನಿದ ಮೇಲೆ ಹತ್ತಿರ ಬರಗೊಡುತ್ತಿರಲಿಲ್ಲ. ಅದಕ್ಕೆ ದಿನಾ ನಸುಕಿನಲ್ಲಿ ಅವನು ನಿದ್ದೆಯಲ್ಲಿದ್ದಾಗ, ಅಪ್ಪನಿಗೂ ಗೊತ್ತಾಗದ ಹಾಗೆ, ಬೆರಳ ತುದಿಯಿಂದ ಮೂಗಿಗೆ ಎರಡು ಹನಿ ಬಿಟ್ಟು ಬರುತ್ತಿದ್ದಳು. ಇವತ್ತು ಬಸ್ಸು ಹತ್ತುವ ಮೊದಲೂ ಬಿಟ್ಟಿದ್ದಳು. ಆಪರೇಷನ್ನಿಗೆ ಹೊರಟ ಕೂಸು, ಬರಿಮೂಗಲ್ಲಿ ಹೇಗೆ ಕಳಿಸಲಿ ಎಂದು ಎರಡು ಹನಿ ಹೆಚ್ಚೇ ಬಿಟ್ಟಿದ್ದಳು.

"ಕಳ್ಳತನದಿಂದ ಬಿಟ್ಟೆ" ಎಂದಳು. "ಇದೂ ಸುಳ್ಳ ಹೇಳಿದಂಗೇ ಆತು."

ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಹೊಟ್ಟೆಯನ್ನು ಕೇಳಿದೆವು, ಎದೆಯನ್ನು ಕೇಳಿದೆವು, ಔಷಧ ಹಾಕುವ ಮೂಗನ್ನು ಮಾತ್ರ ಯಾರೂ ಕೇಳಲಿಲ್ಲ. ಹೊರದೇಶದ ಪತ್ರಿಕೆಯಲ್ಲಿ ಬರೆದವರಿಗೆ ದೇವದುರ್ಗದ ಅಜ್ಜಿಯರ ಗುರುತು ಎಲ್ಲಿಂದ ಬರಬೇಕು? ಅಲ್ಲಾಉದ್ದೀನ್ ಸಾಹೇಬರು ಹೊರಗೆ ಬಂದು, ಹಾಗಾದರೆ ಇವತ್ತು ಬೇಡ, ಇನ್ನೊಂದು ದಿನ ನೋಡೋಣ ಎಂದರು.

ಆಗ ಅಪ್ಪನ ತೊಡೆಯ ಮೇಲಿಂದ ದನಿ ಬಂತು.

"ನಾ ನಿದ್ದಿ ಮಾಡಿದ್ದಿಲ್ಲ."

ಎಲ್ಲರೂ ತಿರುಗಿದೆವು. ಮೌನಪ್ಪ ಹಲ್ಲಿಯನ್ನೇ ನೋಡುತ್ತಿದ್ದ.

"ಏನಂದಿ?" ಅಪ್ಪ ಕೇಳಿದ.

"ಅಮ್ಮ ದಿನಾ ಎಣ್ಣಿ ಬಿಡ್ತಾಳ. ನಂಗ ಎಚ್ಚರ ಇರ್ತದ."

"ಮತ್ತ ಯಾಕ ಕಣ್ಣ ಮುಚ್ಕೊಂಡು ಬಿದ್ಕೊಂಡಿರ್ತಿದ್ದಿ ಲೇ?"

ಹುಡುಗ ಅಪ್ಪನನ್ನು ದಡ್ಡನನ್ನು ನೋಡುವ ಹಾಗೆ ನೋಡಿದ. "ಕಣ್ಣ ತಗದ್ರ ಮಾತಾಡಬೇಕಾಗ್ತದಲ್ಲ."

ಅಲ್ಲಾಉದ್ದೀನ್ ಸಾಹೇಬರು ಕೆಮ್ಮಿದರು. ಅದು ಕೆಮ್ಮಲ್ಲ, ನಗು. ಬಸ್ಸಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳೋ ಅತ್ತಳೋ, ಎರಡೂ ಒಟ್ಟಿಗೆ ಬಂದವು. ಕೂಸು ತನ್ನ ಬೆರಳಿಗೆ ಕಾದು ಮಲಗಿರುತ್ತಿತ್ತು, ಮುನಿಸನ್ನು ಬಿಡದೆ ಮೂಗನ್ನು ಕೊಡುತ್ತಿತ್ತು ಎಂದು ಅವಳಿಗೆ ಅಲ್ಲಿಯ ತನಕ ಗೊತ್ತಿರಲಿಲ್ಲ. ಆದರೂ ಅವನು ಅಪ್ಪನ ತೊಡೆಯಿಂದ ಇಳಿಯಲಿಲ್ಲ. ಅವಳು ಒಂದು ಹೆಜ್ಜೆ ಮುಂದೆ ಬಂದಾಗ ಮತ್ತೆ ಹಲ್ಲಿಯ ಕಡೆ ತಿರುಗಿದ.

ಮಹಾಂತಯ್ಯನವರು ಸರ್ಜನ್ನರನ್ನು ಬದಿಗೆ ಕರೆದು ಮಾತಾಡಿದರು. ಬೇರೆ ಆಪರೇಷನ್ನುಗಳು ಮುಗಿಯಲಿ, ಮಧ್ಯಾಹ್ನ ಮತ್ತೊಮ್ಮೆ ನೋಡೋಣ ಎಂದು ಒಪ್ಪಿಸಿದರು. ಬೆಳಗಿನ ಔಷಧ ಒಂದಿಷ್ಟಾದರೂ ಒಳಗೆ ಹೋಗಿರಬಹುದು, ಅದು ಇಳಿಯುವ ತನಕ ಕಾಯಬೇಕು, ಎರಡನೇ ಸಲ ಕಡಿಮೆ ಹಾಕಬೇಕು ಎಂದು ಅವರ ಲೆಕ್ಕ. ಹುಡುಗನಿಗೆ ಮಧ್ಯಾಹ್ನದೊಳಗೆ ಹೊಟ್ಟೆಯಿಂದ ಇಳಿದುಹೋಗುವಷ್ಟೇ, ಎರಡು ಚಮಚೆ ಸಕ್ಕರೆನೀರು ಕೊಟ್ಟರು. ನಾನು ಬೆಚ್ಚಗಿನ ಉಪ್ಪುನೀರಿನಲ್ಲಿ ಬತ್ತಿ ಅದ್ದಿ ಅವನ ಮೂಗಿನ ಎಣ್ಣೆ ತೆಗೆದೆ. ತೆಗೆಯುವಾಗ ಅವನು ನನ್ನ ಕೈಗೆ ಹೊಡೆದ, ನಾನು ಅವನನ್ನು ಬೈದೆ, ಇಬ್ಬರಿಗೂ ಪರಿಚಯವಾಯಿತು.

ಮಧ್ಯಾಹ್ನ ಹನಿಯ ಹೊತ್ತಾಯಿತು. ಮೌನಪ್ಪ ಎರಡೂ ಕೈಯಿಂದ ಮೂಗು ಮುಚ್ಚಿಕೊಂಡ. ಉರಿಯುತ್ತದೆಂದು ಈಗ ಅವನಿಗೆ ಗೊತ್ತಿತ್ತು. ಅಪ್ಪನ ತೋಳಿನೊಳಗೆ ತಲೆ ಹುದುಗಿಸಿ ಕುಂಯ್ ಕುಂಯ್ ಎನ್ನತೊಡಗಿದ. ಕೂಗಿದರೆ ಉಬ್ಬು ಹೊರಬರುತ್ತದೆ, ಹಿಡಿದುಕೊಂಡರೆ ಕೂಗುತ್ತಾನೆ. ಮಹಾಂತಯ್ಯನವರು ಬಸ್ಸಮ್ಮನ ಕಡೆ ತಿರುಗಿದರು.

"ಯವ್ವಾ, ನೀವ ಹಾಕ್ರಿ. ಎಣ್ಣಿ ಬಿಡೋವಾಗ ಕಾಲ ಮ್ಯಾಲೆ ಹಾಕ್ಕೊಂತೀರಲ್ಲ, ಹಂಗ ಹಾಕ್ಕೊಂಡು ಬಿಡ್ರಿ. ಎಣ್ಣಿ ಅಂತ ಹೇಳಿಬಿಡ್ರಿ, ಸುಮ್ಮ ಬರ್ತಾನ."

"ಎಣ್ಣಿ ಅಲ್ಲಲ್ರಿ ಅದು" ಎಂದಳು ಬಸ್ಸಮ್ಮ.

"ಅಲ್ಲ ಖರೆ. ಆದ್ರ..."

"ಹಾಕ್ತೀನ್ರಿ. ಎಣ್ಣಿ ಅಂತ ಮಾತ್ರ ಅನ್ನಂಗಿಲ್ಲ. ಎಲ್ಲಾ ಇದ್ದದ್ದು ಇದ್ದಂಗ ಹೇಳಿ ಹಾಕ್ತೀನಿ."

ಸುಮ್ಮನಿರುವ ಬಾಯಲ್ಲ ನನ್ನದು. ಅವಳನ್ನು ಕಂಬದ ಮರೆಗೆ ಈ ಸಲ ನಾನೇ ಎಳೆದೆ. "ಯವ್ವಾ, ಹಠ ಮಾಡಬ್ಯಾಡ. ಹನಿ ಮಾತು ಬೇಕಾದ್ರ ಹೇಳು. ಸೂಜಿ ಮಾತು ಎತ್ತಬ್ಯಾಡ. ನಿದ್ದಿ ಹತ್ತಿದ ಮ್ಯಾಲೆ ಗ್ಲೂಕೋಸ್ ಬಾಟ್ಲಿಗಂತ ಕೈಗೆ ಸೂಜಿ ಚುಚ್ಚಲೇಬೇಕು. ಅದನ್ನ ಈಗ ಹೇಳಿದ್ರ ಅವ ಗೇಟು ದಾಟಿ ಓಡ್ತಾನ."

"ಎದ್ದ ಮ್ಯಾಲೆ ಕೈಯಾಗ ಸೂಜಿ ಇರ್ತದಲ್ಲವ್ವ? ಆಗ ನೋಡ್ತಾನಲ್ಲ?"

"ಆಗಿಂದು ಆಗ ನೋಡೋಣ."

"ನಿಮಗ ಆಗಿಂದು ಆಗ. ನೀವು ನಾಳಿ ಇನ್ನೊಂದು ಕೂಸು ನೋಡ್ತೀರಿ" ಎಂದಳು ಅವಳು, ಸಿಟ್ಟಿಲ್ಲದೆ. "ನಾ ಇದೊಂದನ್ನ ಸಾಯೋತನಕ ನೋಡಬೇಕು."

ಈ ಮುದುಕಿ ಇವತ್ತು ನಮ್ಮೆಲ್ಲರ ಕೆಲಸ ಕೆಡಿಸುತ್ತಾಳೆ ಎಂದುಕೊಂಡೆ.

ಬಸ್ಸಮ್ಮ ಥಿಯೇಟರಿನ ಹೊರಕೋಣೆಯ ನೆಲದ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತಳು. ಸೀರೆಯನ್ನು ಮೊಣಕಾಲಿನ ತನಕ ಸರಿಸಿ ಎರಡೂ ಕಾಲು ಉದ್ದಕ್ಕೆ ಚಾಚಿ ಜೋಡಿಸಿದಳು. ನಮ್ಮ ಕಡೆಯ ಎಲ್ಲ ಕೂಸುಗಳೂ ಹುಟ್ಟಿದ ಮೇಲೆ ಮಲಗಿದ ಮೊದಲ ಮಂಚ ಅದು, ನಾನೂ ಮಲಗಿದವಳೇ. ಅವಳು ಹುಡುಗನನ್ನು ಕರೆಯಲಿಲ್ಲ. ಕೂತಲ್ಲಿಂದಲೇ ಮಾತಾಡಿದಳು.

"ಮೌನ್ಯಾ, ಕೇಳಿಲ್ಲಿ. ಇದು ಎಣ್ಣಿ ಅಲ್ಲ. ಔಷಧ. ಮೂಗಿನಾಗ ಬಿಡ್ತೀನಿ."

ಅಪ್ಪನ ತೋಳಿನ ಸಂದಿಯಿಂದ ಒಂದು ಕಣ್ಣು ಕಾಣಿಸಿತು. "ಉರಿತದೇನು?"

"ಉರಿತದ. ಮುಂಜಾನಿ ಉರಿತಲ್ಲ, ಹಂಗ. ಆಮ್ಯಾಲೆ ನಿದ್ದಿ ಬರ್ತದ. ನಿದ್ದ್ಯಾಗ ಡಾಕ್ಟರು ನಿನ್ನ ಗಂಟು ತಗೀತಾರ."

"ಸೂಜಿ?"

ನಾನು ಕಣ್ಣಿನಲ್ಲೇ ಬೇಡವೆಂದೆ. ಅವಳು ನನ್ನ ಕಡೆ ನೋಡಲೇ ಇಲ್ಲ.

"ಮಾಡ್ತಾರ. ನಿನಗ ನಿದ್ದಿ ಹತ್ತಿದ ಮ್ಯಾಲೆ, ಕೈಗೆ. ಆಗ ನಿನಗ ಗೊತ್ತಾಗಂಗಿಲ್ಲ. ಎದ್ದ ಮ್ಯಾಲೆ ನೋಡಿದ್ರ ಕೈಯಾಗ ಇರ್ತದ. ಒಂಚೂರು ನೋಯ್ತದ."

ಕುಂಯ್ ಅನ್ನುವುದು ನಿಂತಿತು. ಇನ್ನು ಕೂಗೇ ಎಂದುಕೊಂಡೆ. ಸುಂಕಪ್ಪ ಗೋಡೆ ಹಿಡಿದುಕೊಂಡ.

"ನೀ ಎಲ್ಲಿ ಇರ್ತಿ?"

"ಬಾಗಿಲದಾಗ ಕುಂದರ್ತೀನಿ. ಒಳಗ ನನ್ನ ಬಿಡಂಗಿಲ್ಲಂತ."

"ಬಿಸ್ಕೀಟು?"

"ಇಲ್ಲಪ್ಪ. ಇವತ್ತ ಬಿಸ್ಕೀಟಿಲ್ಲ."

ಹುಡುಗ ಯೋಚನೆ ಮಾಡಿದ. ದೊಡ್ಡವರು ಹೊಲ ಕೊಳ್ಳುವಾಗ ಮಾಡುವಷ್ಟು ಯೋಚನೆ ಮಾಡಿದ. ಆಮೇಲೆ ಅಪ್ಪನ ತೊಡೆಯಿಂದ ಇಳಿದ. ಚಡ್ಡಿ ಮೇಲಕ್ಕೆ ಎಳೆದುಕೊಂಡು, ನಮ್ಮ ಯಾರ ಮುಖವನ್ನೂ ನೋಡದೆ ನಡೆದು ಹೋಗಿ, ಅವಳ ಚಾಚಿದ ಕಾಲುಗಳ ಮೇಲೆ ಅಂಗಾತ ಮಲಗಿದ. ನಾಲ್ಕು ವರ್ಷದವನ ಕಾಲು ಅವಳ ಸೊಂಟದ ಆಚೀಚೆ ದಾಟಿ ಹಿಂದಿನ ಗೋಡೆ ಮುಟ್ಟಿದವು. ಅವನು ಕಣ್ಣು ತೆರೆದೇ ಇದ್ದ. ಅವಳನ್ನೇ ನೋಡುತ್ತಿದ್ದ.

ಮಹಾಂತಯ್ಯನವರು ಸೂಜಿಯಿಲ್ಲದ ಸಿರಿಂಜನ್ನು ಅವಳ ಕೈಗೆ ಕೊಟ್ಟು, ಪಕ್ಕದಲ್ಲಿ ಮಂಡಿಯೂರಿ, ಎಷ್ಟು ಒತ್ತಬೇಕೆಂದು ಬೆರಳು ಹಿಡಿದು ತೋರಿಸಿದರು. ಅವಳು ಎಡಗೈಯಿಂದ ಅವನ ಗದ್ದ ಎತ್ತಿ ಒಂದು ಹನಿ ಬಿಟ್ಟಳು. ಕಾದಳು. ಇನ್ನೊಂದು ಹನಿ. ಹುಡುಗನ ಕಣ್ಣಲ್ಲಿ ನೀರು ತುಂಬಿತು, ತುಟಿ ನಡುಗಿತು, ಅವಳ ಮೊಣಕಾಲನ್ನು ಉಗುರು ನಾಟುವಂತೆ ಹಿಡಿದ. ಆದರೆ ಕೂಗಲಿಲ್ಲ. ಮೂಗಿನ ಮೇಲಿನಿಂದ ಹಣೆಯ ತನಕ ಅವಳ ಹೆಬ್ಬೆರಳು ಮೆಲ್ಲಗೆ ಆಡುತ್ತಿತ್ತು. ಅವಳು ಮಾನ್ವಿಯಲ್ಲಿ ಹೊಸದಾಗಿ ಹುಟ್ಟಿದ ಅವನ ತಮ್ಮನ ಸುದ್ದಿ ಹೇಳುತ್ತಿದ್ದಳು. ತಮ್ಮನಿಗೆ ತಲೆತುಂಬ ಕೂದಲಿದೆಯಂತೆ, ಹಲ್ಲು ಒಂದೂ ಇಲ್ಲವಂತೆ, ಅಣ್ಣ ಬಂದು ಎತ್ತಿಕೊಳ್ಳಲಿ ಎಂದು ಅವ್ವ ದಾರಿ ನೋಡುತ್ತಿದ್ದಾಳಂತೆ. ಹುಡುಗ ಏನೋ ಕೇಳಲು ಹೊರಟ. ನಾಲಿಗೆ ತೊದಲಿತು. ರೆಪ್ಪೆ ಇಳಿದವು, ಎದ್ದವು, ಮತ್ತೆ ಇಳಿದವು. ಮೊಣಕಾಲಿನ ಮೇಲಿದ್ದ ಬೆರಳು ಒಂದೊಂದಾಗಿ ಸಡಿಲವಾದವು.

ಡಾಕ್ಟರು ನಾಡಿ ನೋಡಿ ನನಗೆ ತಲೆಯಾಡಿಸಿದರು. ನಾನು ಅವನನ್ನು ಎತ್ತಿಕೊಂಡೆ. ಅವನು ಭಾರವಾಗಿ, ಬೆಚ್ಚಗೆ, ಉಪ್ಪುನೀರಿನಿಂದ ತೊಳೆದರೂ ಹೋಗದ ಹರಳೆಣ್ಣೆಯ ವಾಸನೆಯೊಡನೆ ನನ್ನ ಹೆಗಲಿಗೆ ಒರಗಿದ. ಬಸ್ಸಮ್ಮ ಕಾಲು ಮಡಚದೆ ಹಾಗೇ ಕೂತಿದ್ದಳು. ಅಲ್ಲಾಉದ್ದೀನ್ ಸಾಹೇಬರು ಉಬ್ಬನ್ನು ಮುಟ್ಟಿ ನೋಡಿ, ಹೂವಿನಂತೆ ಮೆತ್ತಗಿದೆ ಎಂದು ಸಂತೋಷಪಟ್ಟರು. ಆಮೇಲಿನದು ಅವರಿಗೆ ದಿನನಿತ್ಯದ ಕೆಲಸ, ಹೊಲಿಗೆಯೂ ಸೇರಿ ಬೇಗನೆ ಮುಗಿಯಿತು.

ಎಚ್ಚರವಾಗುವ ಕೋಣೆಗೆ ಮನೆಯವರನ್ನು ಬಿಡುವುದಿಲ್ಲ. ಆ ನಿಯಮವನ್ನು ನನ್ನಷ್ಟು ಗಟ್ಟಿಯಾಗಿ ಕಾಯುವವರು ಆ ಆಸ್ಪತ್ರೆಯಲ್ಲಿ ಬೇರೆ ಇರಲಿಲ್ಲ. ಒಬ್ಬ ಪುಢಾರಿಯನ್ನು ಹೊರಗೆ ನಿಲ್ಲಿಸಿ ಬೈಸಿಕೊಂಡವಳು ನಾನು. ಆ ದಿನ ಬಾಗಿಲು ತೆರೆದಾಗ ಅವಳು ಹೇಳಿದ ಜಾಗದಲ್ಲೇ, ಹೊಸ್ತಿಲಿಗೆ ತಾಗಿ ಕೂತಿದ್ದಳು. ಹೋಗುವವರು ಬರುವವರು ಅವಳನ್ನು ದಾಟಿಕೊಂಡೇ ಹೋಗುತ್ತಿದ್ದರು. ನೀರು ಕುಡಿಯಲೂ ಎದ್ದಿಲ್ಲ ಎಂದು ಸುಂಕಪ್ಪ ಹೇಳಿದ.

"ಒಳಗ ಬಾ ಯವ್ವಾ" ಎಂದೆ. "ಬಾಯಿ ಮುಚ್ಕೊಂಡು ಕುಂದ್ರು."

ಮೌನಪ್ಪ ಹೊತ್ತಿಳಿದ ಮೇಲೆ ಕಣ್ಣು ಬಿಟ್ಟ. ಮೊದಲು ಫ್ಯಾನು ನೋಡಿದ. ಆಮೇಲೆ ಕೈ ಎತ್ತಲು ಹೋದ, ಏನೋ ಎಳೆಯಿತು. ತಲೆ ಹೊರಳಿಸಿ ನೋಡಿದ. ಬಿಳಿ ಪಟ್ಟಿ, ಅದರೊಳಗಿಂದ ನಳಿಕೆ, ಪಟ್ಟಿಯ ಅಂಚಿನಲ್ಲಿ ಇಣುಕುವ ಸೂಜಿಯ ಬುಡ. ನನಗೆ ಹೊಸ ಹೊಲಿಗೆಯದೇ ಚಿಂತೆ; ಈಗ ಆ ಹಿಂದಿನ ಸಲದ ಕೂಗು ಕೂಗಿದರೆ ಎಲ್ಲ ಕಿತ್ತುಹೋಗುತ್ತದೆ ಎಂದು ಅವನ ಹೊಟ್ಟೆಯ ಮೇಲೆ ಅಂಗೈ ಇಟ್ಟು ನಿಂತೆ. ಅವನು ಆ ಸೂಜಿಯನ್ನು ಬಹಳ ಹೊತ್ತು ನೋಡಿದ. ಅಳುವಿಗೆ ತುಟಿ ಅಗಲವಾಗತೊಡಗಿತು. ಆಮೇಲೆ ಈ ಕಡೆ ತಿರುಗಿದ.

"ಅಮ್ಮಾ."

"ಇಲ್ಲೇ ಇದ್ದೀನಪ್ಪ."

"ಸೂಜಿ ಮಾಡ್ಯಾರ."

"ಹ್ಞೂಂ. ಮಾಡ್ಯಾರ."

"ನೋಯ್ತದ."

"ನೋಯ್ತದಪ್ಪ."

ಹುಡುಗ ಅವಳ ಮುಖ ನೋಡಿದ, ಮತ್ತೆ ಕೈ ನೋಡಿದ. ತುಟಿ ಮೊದಲಿನ ಹಾಗಾಯಿತು.

"ನೀ ಹೇಳಿದ್ದಿ" ಎಂದ.

ಬಸ್ಸಮ್ಮ ಅವನ ನೆತ್ತಿ ಸವರಿದಳು. ಅಷ್ಟು ವರ್ಷ ಎಷ್ಟೋ ಮಕ್ಕಳ ಕೈಕಾಲು ಹಿಡಿದಿದ್ದೆ, ಅವತ್ತು ಅವನ ಹೊಟ್ಟೆಯ ಮೇಲಿದ್ದ ಅಂಗೈಯನ್ನು ತೆಗೆದುಬಿಟ್ಟೆ. ಅವಳನ್ನು ತಬ್ಬಿಕೊಳ್ಳಬೇಕು ಅನಿಸಿತು, ನಾಚಿಕೆಯಾಗಿ ಬಾಟಲಿ ನೋಡುತ್ತ ನಿಂತೆ. ಮೌನಪ್ಪ ಸೂಜಿಯಿಲ್ಲದ ಕೈಯಿಂದ ಹಾಸಿಗೆ ತಟ್ಟಿ, "ಮ್ಯಾಲೆ ಬಾ" ಎಂದು ಅವಳಿಗೆ ಹುಕುಂ ಮಾಡಿದ. ಅವಳು ನನ್ನನ್ನು ನೋಡಿದಳು. ನಾನು ಕಿಟಕಿಯ ಕಡೆ ತಿರುಗಿದೆ. ಮಂಚ ಕಿರ್ ಎಂದಿತು. ರೋಗಿಯ ಮಂಚದ ಮೇಲೆ ಯಾರೂ ಕೂರಬಾರದೆಂದು ತಲೆಯ ಮೇಲೇ ದಪ್ಪ ಅಕ್ಷರದಲ್ಲಿ ಬರೆದಿತ್ತು. ಅವರಿಬ್ಬರಿಗೂ ಓದಲು ಬರುತ್ತಿರಲಿಲ್ಲ, ಓದಲು ಬರುತ್ತಿದ್ದ ನಾನು ಓದಿ ಹೇಳಲಿಲ್ಲ.